ನಿಮಗಿದು ಗೊತ್ತೆ? ಕೀಲು ಕೂರಿಸಿದ ಮೇಲೆ ಕೂಗಾಟ ಯಾಕೆ?

ಹೊಳಲೂರು ಕಡೆ ಅಡಿಕೆ ಮರದಿಂದ ಬಿದ್ದು ಭುಜದ ಕೀಲು ತಪ್ಪಿದರೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಗೆ ಓಡಬೇಕು. ಕೀಲು ಕೂರಿಸುವ ಮುನ್ನ ತುರ್ತು ವಿಭಾಗಗಳಲ್ಲಿ ಮಂಪರಿಗೆಂದು ಕೊಡುವ ಔಷಧಿಗಳಲ್ಲಿ ಕೆಟಮಿನ್ ಒಂದು. 1970ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿಯದು ವಿಚಿತ್ರ ಗುಣ. ರೋಗಿಯ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅತ್ತಿತ್ತ ಆಡುತ್ತಿರುತ್ತದೆ, ಉಸಿರಾಟವೂ ಸಾಮಾನ್ಯವಾಗಿ ಸರಾಗ. ನೋವು ಮಾತ್ರ ತಿಳಿಯದು.

ಪೇಚಾಟ ಶುರುವಾಗುವುದು ಎಚ್ಚರಾಗುವಾಗ. ಕೆಲವು ವಯಸ್ಕರು ಕನಸು ಕಂಡವರಂತೆ ಬೆದರಿ ಕೂಗುತ್ತಾರೆ, ಡ್ರಿಪ್ ಕಿತ್ತುಹಾಕಲು ನೋಡುತ್ತಾರೆ. ಗಾಳಿ ಸೋಕಿತೆಂದು ನಿಂಬೆಹಣ್ಣು ನಿವಾಳಿಸಬೇಕಿಲ್ಲ. ಔಷಧಿ ಇಳಿದಂತೆ ಇದೂ ಅಡಗುತ್ತದೆ.

ತಡೆಯುವ ದಾರಿಯೂ ಇದೆ. 2011ರಲ್ಲಿ ಪ್ರಕಟವಾದ ಟರ್ಕಿಯ ಅಧ್ಯಯನವೊಂದರಲ್ಲಿ ಬರೀ ಕೆಟಮಿನ್ ಪಡೆದ ವಯಸ್ಕರಲ್ಲಿ ಶೇ. 25 ಮಂದಿ ಹೀಗೆ ಒದ್ದಾಡಿದರೆ, ಜೊತೆಗೆ ಮಿಡಜೋಲಮ್ ಎಂಬ ಇನ್ನೊಂದು ಔಷಧಿ ಪಡೆದವರಲ್ಲಿ ಶೇ. 8 ಮಂದಿ ಮಾತ್ರ. 2019ರ ಇರಾನಿನ ಅಧ್ಯಯನದಲ್ಲಿ ಹ್ಯಾಲೊಪೆರಿಡಾಲ್ ಎಂಬ ಔಷಧಿ ಕೂಡ ಫಲ ಕೊಟ್ಟಿತು. ಆದರೆ ಈ ಎರಡರಲ್ಲಿ ಯಾವ ಔಷಧಿ ಕೊಟ್ಟರೂ ರೋಗಿ ಪೂರ್ತಿ ಎಚ್ಚರವಾಗುವುದು ತಡ; ಆದ್ದರಿಂದ ಎಲ್ಲರಿಗೂ ಕೊಡಬೇಕೆಂದೇನಿಲ್ಲ, ವೈದ್ಯರೇ ತೂಗಿ ನೋಡುತ್ತಾರೆ.

‘ಕನಸು ಬೀಳಬಹುದು, ಹೆದರಬೇಡಿ’ ಎಂದು ಮೊದಲೇ ಹೇಳಿಟ್ಟರೂ ರೋಗಿಗೆ ಧೈರ್ಯ. ಪಕ್ಕದಲ್ಲಿ ಮನೆಯವರೊಬ್ಬರು ಸಾಕು, ಊರಿಗೆ ಊರೇ ಮಂಚ ಸುತ್ತುವರಿಯುವುದು ಬೇಡ.