ಆಕಾಶದಿಂದ ಕಂಡ ಅಗಳು

ನೆಲದ ಮೇಲೆ ನಿಂತವನಿಗೆ ಬರಿಯ ಏರುತಗ್ಗಾಗಿ ತೋರುವುದು, ವಿಮಾನದಲ್ಲಿ ಕುಳಿತವನಿಗೆ ನೇರವಾದ ಗೆರೆಯಾಗಿ ಕಾಣುವುದೆಂಬ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ವಿದಿತವೇ ಇದೆ. ಹೂಳು ತುಂಬಿ ಮುಚ್ಚಿಹೋದ ಅಗಳಿನಲ್ಲಿ ತೇವವು ಹೆಚ್ಚು ಕಾಲ ನಿಲ್ಲುವುದರಿಂದ ಅಲ್ಲಿಯ ಪೈರು ಸುತ್ತಲಿನದಕ್ಕಿಂತ ಹಸುರಾಗಿರುತ್ತದೆ. ಇಳಿಹೊತ್ತಿನ ಬಿಸಿಲಿನಲ್ಲಿ ಸವೆದ ದಂಡೆಯೂ ನೆರಳನ್ನು ಚೆಲ್ಲುತ್ತದೆ. ಈ ಗುರುತುಗಳನ್ನು ನೆಚ್ಚಿ ಹಳೆಯ ಪಟ್ಟಣಗಳನ್ನು ಅರಸಿ ಹೊರಟವರಲ್ಲಿ ಒಬ್ಬರ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಕಾಂಬೋಜ ದೇಶದಲ್ಲಿ ಕ್ರಿ. ಶ. 889ರಲ್ಲಿ ಪಟ್ಟಕ್ಕೆ ಬಂದ ಯಶೋವರ್ಮನು (ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣನು ಆಳುತ್ತಿದ್ದ ಕಾಲವದು) ಹರಿಹರಾಲಯವೆಂಬ ಹಳೆಯ ರಾಜಧಾನಿಯನ್ನು ತೊರೆದು ಯಶೋಧರಪುರವೆಂಬ ಹೊಸ ನಗರವನ್ನು ಸ್ಥಾಪಿಸಿದನು. ಏಳೂವರೆ ಕಿಲೋಮೀಟರು ಉದ್ದದ ಯಶೋಧರತಟಾಕವನ್ನೂ ಕಟ್ಟಿಸಿದನು. ಈ ಹೆಸರುಗಳಿಗೆ ಕನ್ನಡಿಗನಾದವನು ಅರ್ಥ ಕೇಳಬೇಕಾಗಿಲ್ಲ. ನಗರದ ‘ನಡುಬೆಟ್ಟ’ದ ಮೇಲೆ ಅರಸನು ಲಿಂಗಪ್ರತಿಷ್ಠೆ ಮಾಡಿಸಿದನೆಂದು ಹನ್ನೊಂದನೆಯ ಶತಮಾನದ ಸ್ದೋಕ್ ಕಾಕ್ ಥೋಮ್ ಶಾಸನವು ಹೇಳುತ್ತದೆ. ಆ ನಡುಬೆಟ್ಟವು ಯಾವುದು ಎಂಬುದೇ ಪ್ರಶ್ನೆ.

ಅಂಕೋರ್ ಥೋಮ್ ಎಂಬ ಕೋಟೆಯು ಇಂದಿಗೂ ನಿಂತಿದೆ. ಒಂದೊಂದು ಮಗ್ಗುಲಿಗೆ ಮೂರು ಕಿಲೋಮೀಟರು. ಸುತ್ತಲೂ ನೂರು ಮೀಟರಷ್ಟು ಅಗಲದ ಅಗಳು. ನಟ್ಟನಡುವೆ ಬಯೊನ್ ದೇವಾಲಯ. ಇದೇ ಯಶೋಧರಪುರ, ಬಯೊನ್ ಗುಡಿಯೇ ಶಾಸನದ ಬೆಟ್ಟವೆಂದು ಪಂಡಿತರು ಬಹುಕಾಲ ನಂಬಿದ್ದರು. 1927ರಲ್ಲಿ ಫಿಲಿಪ್ ಸ್ಟೆರ್ನ್ ಎಂಬವರು ಶಿಲ್ಪಶೈಲಿಯನ್ನು ಪರೀಕ್ಷಿಸಿ, ಬಯೊನ್ ಅಷ್ಟು ಹಳೆಯದಾಗಿರಲಾರದೆಂದರು. ಮರುವರ್ಷವೇ ಜಾರ್ಜ್ ಸೆದೆಸ್ ಅವರು ಶಾಸನಗಳ ಬಲದಿಂದ ಅದನ್ನು ಹನ್ನೆರಡನೆಯ ಶತಮಾನದ ಕೊನೆಗೆ, ಏಳನೆಯ ಜಯವರ್ಮನ ಆಳಿಕೆಗೆ ಇಳಿಸಿದರು. ಕೋಟೆಯೇನೋ ಇದ್ದಲ್ಲಿಯೇ ಇದ್ದಿತು. ಯಶೋವರ್ಮನ ರಾಜಧಾನಿಗೆ ಮಾತ್ರ ನೆಲೆಯಿಲ್ಲದಂತಾಯಿತು.

ಆಗ ಮುಂದೆ ಬಂದವರು ರಷ್ಯದಲ್ಲಿ ಹುಟ್ಟಿ ಫ್ರೆಂಚರ ಪ್ರಾಚ್ಯಸಂಶೋಧನ ಸಂಸ್ಥೆಯಲ್ಲಿದ್ದ ವಿಕ್ಟರ್ ಗೊಲುಬೆವ್. ಅಂಕೋರ್ ಥೋಮಿನ ದಕ್ಷಿಣಕ್ಕೆ ಬಾಖೆಂಗ್ ಎಂಬ ನಿಜವಾದ ಬೆಟ್ಟವೊಂದಿದೆ. ಅದರ ನೆತ್ತಿಯ ಮೇಲೆ ಯಶೋವರ್ಮನ ಕಾಲದ ಶಿವಾಲಯವುಂಟು. ಬುಡದಲ್ಲಿ ಅದಕ್ಕೆಂದೇ ತೋಡಿದ ಚಿಕ್ಕ ಅಗಳೂ ಉಂಟು. ಇದೇ ನಡುವಾದರೆ ಸುತ್ತ ನಗರದ ದೊಡ್ಡ ಅಗಳು ಇರಲೇಬೇಕಷ್ಟೆ! ಗೊಲುಬೆವ್ ವಿಮಾನವನ್ನೇರಿದರು. ನೈಋತ್ಯದಲ್ಲಿ, ಗದ್ದೆಗಳ ನಡುವೆ, ಜೋಡಿ ದಂಡೆಯೊಂದು ಬಹುದೂರ ನೇರವಾಗಿ ಹರಿದು ಲಂಬಕೋನದಲ್ಲಿ ತಿರುಗುವುದು ಕಂಡಿತು. ಆ ಗೆರೆಯನ್ನು ಮುಂದುವರಿಸಿದರೆ ಮಗ್ಗುಲಿಗೆ ಸುಮಾರು ನಾಲ್ಕು ಕಿಲೋಮೀಟರಿನ ಚೌಕ, ನಡುವೆ ಬಾಖೆಂಗ್. 1933ರಲ್ಲಿ ಇದು ಪ್ರಕಟವಾಯಿತು. ವಿದ್ವಾಂಸರು ಒಪ್ಪಿದರು, ಭೂಪಟಗಳಲ್ಲಿ ಆ ಚೌಕವು ನೆಲೆಯೂರಿತು.

ಕಳೆದುಹೋದ ನಗರ ದೊರೆಯಿತೆಂದು ಎಲ್ಲರೂ ಹೇಳಿದರು. ಆ ದಂಡೆಯ ಮಗ್ಗುಲಲ್ಲೇ ಬತ್ತ ಬೆಳೆಯುವ ರೈತನಿಗೆ ಅದು ಎಂದು ಕಳೆದಿದ್ದಿತು?

ಅದಿರಲಿ. ಚೌಕದಲ್ಲಿ ಕಣ್ಣಿಗೆ ಸ್ಪಷ್ಟವಾಗಿದ್ದುದು ಪಶ್ಚಿಮ, ದಕ್ಷಿಣಗಳ ಎರಡು ಮಗ್ಗುಲು ಮಾತ್ರ. ಉತ್ತರದ ಮಗ್ಗುಲು ಅಂಕೋರ್ ಥೋಮಿನೊಳಗೇ ಬೀಳಬೇಕಾಗಿದ್ದಿತು. ಪೂರ್ವಕ್ಕೆ ಸೀಮ್ ರೀಪ್ ಹೊಳೆಯನ್ನೇ ಅಗಳೆಂದು ಭಾವಿಸಬೇಕಾಗಿದ್ದಿತು. ಅರ್ಧವು ಕಂಡದ್ದು, ಅರ್ಧವು ಎಣಿಸಿದ್ದು. ಭೂಪಟದಲ್ಲಿ ಎರಡಕ್ಕೂ ಒಂದೇ ಮಸಿ.

ಅಂಕೋರಿನ ನೆಲವನ್ನು ಊರೂರು, ಏರಿ ಏರಿ ತಿರುಗಿ ನಕ್ಷೆ ಬರೆದ ಕ್ರಿಸ್ತೋಫ್ ಪೊತಿಯೇ ಎಂಬ ಫ್ರೆಂಚ್ ಶೋಧಕರು 2000ದಲ್ಲಿ ಇದನ್ನು ಮರಳಿ ವಿಚಾರಣೆಗೆ ತಂದರು. ಗೊಲುಬೆವ್ ಕಂಡ ದಂಡೆಯು ನಿಜ, ಆದರೆ ಅದು ಯಶೋಧರಪುರದ ಆವರಣವಲ್ಲವೆಂದು ವಾದಿಸಿದರು. 2012ರಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಕಿರಣಗಳನ್ನು ಬಿಟ್ಟು, ಎಲೆಗಳ ಸಂದಿನಲ್ಲಿ ನೆಲವನ್ನು ಮುಟ್ಟಿ ಮರಳಿದವುಗಳಿಂದ 370 ಚದರ ಕಿಲೋಮೀಟರುಗಳ ಏರುತಗ್ಗನ್ನು ಅಳೆದರು. ಕಾಡನ್ನು ಕಡಿಯದೆಯೇ ಅದನ್ನು ಸರಿಸಿ ನೋಡಿದಂತಾಯಿತು. ಅಂಕೋರ್ ಥೋಮಿನ ಬೀದಿಗಳೂ ಮನೆದಿಣ್ಣೆಗಳೂ ಅಗಳಿನ ಆಚೆಗೂ ಹಬ್ಬಿದ್ದುದು ಸ್ಪಷ್ಟವಾಯಿತು. ಕೋಟೆಯಿದ್ದ ಕಾಲದಲ್ಲಿಯೇ ಊರು ಕೋಟೆಗೆ ಅಡಗದಿದ್ದರೆ, ಯಶೋವರ್ಮನ ಪುರಕ್ಕೆ ಚೌಕದ ಬೇಲಿಯೇ ಬೇಕೆಂದು ಏಕೆ ಹಟ ಹಿಡಿಯಬೇಕು?

ಹಾಗೆಂದು ಗೊಲುಬೆವ್ ಅವರನ್ನು ನಗುವವರ ಸಾಲಿಗೆ ನಾವು ಸೇರುವುದಿಲ್ಲ. ನಡುಬೆಟ್ಟವೆಂದರೆ ಬಾಖೆಂಗ್ ಎಂಬ ಅವರ ನಿರ್ಣಯವು ಇಂದಿಗೂ ನಿಂತಿದೆ. ಅಗಳು ಹೋಯಿತು, ಬೆಟ್ಟ ಉಳಿಯಿತು. ಪೊತಿಯೇ ಅವರು ತಮ್ಮ ಲೇಖನದ ತಲೆಬರಹದಲ್ಲಿ ಆ ಚೌಕಕ್ಕೆ ‘ಗೊಲೂಪುರ’ವೆಂದು ನಾಮಕರಣ ಮಾಡಿದ್ದಾರೆ. ವಿನೋದವೇ ಆದರೂ, ಕಾಂಬೋಜದ ಪುರಗಳ ಪಟ್ಟಿಗೆ ಅರಸನಲ್ಲದವನ ಹೆಸರನ್ನು ಹೊತ್ತ ಊರೊಂದು ಸೇರಿತು.