ಒಲೆ ಹಚ್ಚದ ಊಟ: ಬೇಸಿಗೆಗೆ ಕೋಸಂಬರಿ, ಪಚಡಿ

ಚೈತ್ರ ಕಳೆದು ವೈಶಾಖ ಕಾಲಿಡುತ್ತಿದ್ದಂತೆ ನಮ್ಮ ಬಯಲುಸೀಮೆಯಲ್ಲಿ ಬಿಸಿಲಿನ ಪ್ರತಾಪ ಏರತೊಡಗುತ್ತದೆ. ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಈ ಬಾಧೆಯನ್ನು ಮನಗಂಡು ರಾಜ್ಯ ಸರ್ಕಾರವು 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸಿತು. ಹೊಲದಲ್ಲಿ ದುಡಿಯುವವರೂ ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿ ಮರದ ನೆರಳು ಸೇರುತ್ತಾರೆ. ಆದರೆ ನಮ್ಮ ಮನೆಗಳ ಅಡುಗೆಕೋಣೆಗೆ ಮಾತ್ರ ಬೇಸಿಗೆಯ ವೇಳಾಪಟ್ಟಿ ಎಂಬುದು ಇನ್ನೂ ಬಂದಿಲ್ಲ. ನಡುಹಗಲು ಹನ್ನೆರಡರ ಹೊತ್ತಿಗೆ, ಹೊರಗೆ ನೆಲ ಕಾಯುತ್ತಿರುವಾಗಲೇ, ಒಳಗೆ ಹಂಚು ಕಾಯುತ್ತಿರುತ್ತದೆ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮಗೆಲ್ಲರಿಗೂ ಗೊತ್ತು. ಈ ಮಾತು ಉಣ್ಣುವವನ ಕುರಿತದ್ದು. ಉಣಬಡಿಸುವವಳ ಆರೋಗ್ಯದ ವಿಚಾರವನ್ನು ಈ ಗಾದೆಯ ಜೊತೆಗೆ ನಾವು ಸೇರಿಸಿಕೊಳ್ಳಬೇಕಾಗಿದೆ. ಎಂಟು ಜನರಿರುವ ಮನೆಯಲ್ಲಿ ಇಪ್ಪತ್ತೈದು, ಮೂವತ್ತು ರೊಟ್ಟಿ ಬಡಿಯುವ ತಾಯಿ ಹಂಚಿನ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾಳೆ. ತಗಡಿನ ಸೂರಿನ ಮನೆಯಾದರಂತೂ ಮೇಲಿನಿಂದಲೂ ಕಾವು, ಮುಂದಿನಿಂದಲೂ ಕಾವು. ಅಡುಗೆ ಅನಿಲ ಉರಿಯುವಾಗ ಶಾಖದೊಡನೆ ನೀರಿನ ಆವಿಯೂ ಹೊರಬರುತ್ತದೆ. ಕುದಿಯುವ ಪಾತ್ರೆಗಳ ಹಬೆಯೂ ಅದಕ್ಕೆ ಸೇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಮೈಬೆವರು ಆರುವುದು ನಿಧಾನವಾಗುತ್ತದೆ. ಬೆವರು ಆರದಿದ್ದರೆ ದೇಹ ತಂಪಾಗದು. ತಲೆಸುತ್ತು, ತಲೆನೋವು, ವಾಕರಿಕೆ, ಕಣ್ಣುಕತ್ತಲೆ ಇವೆಲ್ಲ ದೇಹವು ಕಾವನ್ನು ತಾಳಲಾರದೆ ಕೊಡುವ ಮುನ್ಸೂಚನೆಗಳು. ವಯಸ್ಸಾದವರಿಗೂ ಗರ್ಭಿಣಿಯರಿಗೂ ಅಪಾಯ ಇನ್ನೂ ಹೆಚ್ಚು. ಇದನ್ನು 'ಅಡುಗೆ ಮಾಡುವವರಿಗೆ ಇದ್ದದ್ದೇ' ಎಂದು ತಳ್ಳಿಹಾಕುವುದು ತರವಲ್ಲ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೇಯಿಸದೆ ಉಣ್ಣುವ ಪದ್ಧತಿ ನಮ್ಮ ಊಟದಲ್ಲಿ ಮೊದಲಿನಿಂದಲೂ ಇದೆ. ಹಳೆಯ ಮೈಸೂರಿನ ಕಡೆ ಎಲೆಯ ಮೇಲೆ ಬೀಳುವ ಕೋಸಂಬರಿ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಪಕ್ಕಕ್ಕೆ ಬರುವ ಪಚಡಿ, ಮಲೆನಾಡಿನ ತಂಬುಳಿ ಇವಕ್ಕೆ ಒಲೆಯ ಹಂಗು ಬಹಳ ಕಡಿಮೆ. ಚಳಿಗಾಲದಲ್ಲಿ ಹೊಲದ ಹಕ್ಕರಕಿಯನ್ನೂ, ಎಳೆಯ ಮೆಂತ್ಯದ ಸೊಪ್ಪನ್ನೂ, ಉಳ್ಳಾಗಡ್ಡಿಯ ತಪ್ಪಲನ್ನೂ ಹಸಿಯಾಗಿಯೇ ರೊಟ್ಟಿಯೊಡನೆ ಕಚ್ಚಿ ತಿನ್ನುವುದು ನಮ್ಮ ಹಳ್ಳಿಗಳ ಅಭ್ಯಾಸ. ಆದರೆ ಇವನ್ನು ನಾವು ಎಲೆಯ ಮೂಲೆಯಲ್ಲಿ ಒಂದು ಚಮಚದಷ್ಟು ಬಡಿಸಿ ಸುಮ್ಮನಾಗುತ್ತೇವೆ. ಬೇಸಿಗೆಯ ಎರಡು ತಿಂಗಳ ಮಟ್ಟಿಗಾದರೂ ಅವನ್ನು ಎಲೆಯ ನಡುವಿಗೆ ತರಬೇಕೆಂಬುದು ನಮ್ಮ ಸೂಚನೆ.

ಹೆಸರುಬೇಳೆಯ ಕೋಸಂಬರಿ

ರಾಮನವಮಿಯ ಪಾನಕದೊಡನೆ ಕೋಸಂಬರಿಯನ್ನು ಹಂಚುವ ಪದ್ಧತಿ ಎಲ್ಲರಿಗೂ ಪರಿಚಿತ. ಒಂದು ಲೋಟ ಹೆಸರುಬೇಳೆಯನ್ನು ಎರಡು ಮೂರು ಸಲ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಒಂದು ಗಂಟೆ ನೆನೆಯಿಡಬೇಕು. ಬೇಳೆಯನ್ನು ಉಗುರಿನಿಂದ ಒತ್ತಿದರೆ ಸಲೀಸಾಗಿ ತುಂಡಾಗುವುದೇ ಹದ. ಬೇಸಿಗೆಯಲ್ಲಿ ಬಹಳ ಹೊತ್ತು ನೆನೆದರೆ ಹುಳಿವಾಸನೆ ಬರುತ್ತದೆ. ನೀರನ್ನು ಪೂರ್ತಿ ಬಸಿದು, ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಕಾಲು ಲೋಟ ತೆಂಗಿನ ತುರಿ, ಎರಡು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಬೇಕು. ಅರ್ಧ ನಿಂಬೆಹಣ್ಣಿನ ರಸ ಸಾಕು. ಮಾವಿನಕಾಯಿ ಸಿಗುವ ದಿನಗಳಲ್ಲಿ ನಿಂಬೆಯ ಬದಲು ಅದರ ತುರಿಯನ್ನು ಹಾಕಿದರೆ ರುಚಿ ಇನ್ನೂ ಸೊಗಸು. ನಾಲ್ಕೈದು ಜನರಿಗೆ ಇಷ್ಟು ಧಾರಾಳವಾಗುತ್ತದೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಉಪ್ಪನ್ನು ಬಡಿಸುವ ಗಳಿಗೆಯಲ್ಲಿಯೇ ಬೆರೆಸಬೇಕು. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಕ್ಕೆ ಎಳೆಯುವುದರಿಂದ, ಮೊದಲೇ ಹಾಕಿಟ್ಟರೆ ಕೋಸಂಬರಿ ನೀರೊಡೆದು ಸಪ್ಪೆಯಾಗುತ್ತದೆ. ಇನ್ನು ಸಾಸಿವೆ, ಇಂಗಿನ ಒಗ್ಗರಣೆಗೆಂದು ನಡುಹಗಲಿನಲ್ಲಿ ಒಲೆ ಹಚ್ಚಬೇಕಿಲ್ಲ. ಬೆಳಗಿನ ತಿಂಡಿಗೆ ಒಗ್ಗರಣೆ ಮಾಡುವಾಗಲೇ ಒಂದು ಚಮಚ ಹೆಚ್ಚಾಗಿ ಮಾಡಿ ಬಟ್ಟಲಿನಲ್ಲಿ ಎತ್ತಿಟ್ಟುಕೊಂಡರೆ ಮಧ್ಯಾಹ್ನಕ್ಕೆ ಒದಗುತ್ತದೆ.

ರೊಟ್ಟಿಗೆ ಜೊತೆಯಾದ ಪಚಡಿ

ಎಳೆಯ ಮೆಂತ್ಯದ ಎಲೆಗಳನ್ನು ಬಿಡಿಸಿ ತೊಳೆದು ಒಂದು ಲೋಟದಷ್ಟು ಸಣ್ಣಗೆ ಹೆಚ್ಚಿಕೊಳ್ಳಬೇಕು. ಒಂದು ಉಳ್ಳಾಗಡ್ಡಿ, ಒಂದು ಗಜ್ಜರಿ, ಅರ್ಧ ಮೂಲಂಗಿ, ಒಂದು ಸೌತೆಕಾಯಿ ಹೆಚ್ಚಿ ಅದಕ್ಕೆ ಕೂಡಿಸಬೇಕು. ಎರಡು ಚಮಚ ಗುರೆಳ್ಳಿನ ಪುಡಿ ಇಲ್ಲವೆ ಶೇಂಗಾ ಹಿಂಡಿ, ಒಂದು ಚಮಚ ಹಸಿ ಕುಸುಬೆ ಎಣ್ಣೆ, ರುಚಿಗೆ ತಕ್ಕಷ್ಟು ಉಪ್ಪು, ನಿಂಬೆರಸ ಬೆರೆಸಿದರೆ ಪಚಡಿ ಸಿದ್ಧ. ಮೆಂತ್ಯದ ಕಹಿ ಒಗ್ಗದ ಮಕ್ಕಳಿಗೆ ಇದರ ಮೇಲೆ ಗಟ್ಟಿ ಮೊಸರು ಹಾಕಿ ಕಲಸಿಕೊಡಬಹುದು.

ಇದರೊಡನೆ ಖಡಕ್ ರೊಟ್ಟಿ ಇದ್ದುಬಿಟ್ಟರೆ ಆ ಹೊತ್ತಿನ ಊಟಕ್ಕೆ ಬೆಂಕಿಯ ಅಗತ್ಯವೇ ಇಲ್ಲ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ನೀರಿನಂಶ ಪೂರ್ತಿ ಹೋಗುವವರೆಗೆ ಒಣಗಿಸಿದರೆ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಜಾತ್ರೆಗೆ, ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟಲೆಂದು ಹುಟ್ಟಿದ ಈ ಜಾಣ್ಮೆ ಬೇಸಿಗೆಯ ಅಡುಗೆಕೋಣೆಗೂ ಅಷ್ಟೇ ಸಲ್ಲುತ್ತದೆ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಬೇಯಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಂಡರೆ ದಿನನಿತ್ಯ ಹಂಚಿನ ಮುಂದೆ ನಿಲ್ಲುವುದು ತಪ್ಪುತ್ತದೆ. ನಗರದಲ್ಲಿರುವವರಿಗೆ ಅಂಗಡಿಗಳಲ್ಲಿಯೂ ಇದು ದೊರೆಯುತ್ತದೆ.

ಬಾಳೆದಿಂಡು, ಮೊಳಕೆ ಕಾಳು, ಒಂದೆಲಗ

ಬಾಳೆದಿಂಡಿನ ಹೊರಪದರಗಳನ್ನು ತೆಗೆದು ಬಿಲ್ಲೆಗಳಾಗಿ ಹೆಚ್ಚುವಾಗ ಬರುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋಗಬೇಕು. ಹೆಚ್ಚಿದ್ದನ್ನು ಕೂಡಲೇ ನೀರು ಮಜ್ಜಿಗೆಯಲ್ಲಿ ಹಾಕಿದರೆ ಕಪ್ಪಾಗುವುದಿಲ್ಲ. ಅನಂತರ ಹಿಂಡಿ ತೆಗೆದು, ನೆನೆದ ಹೆಸರುಬೇಳೆ, ತೆಂಗಿನ ತುರಿ, ನಿಂಬೆರಸದೊಡನೆ ಕಲಸಿದರೆ ರುಚಿಯಾದ ಕೋಸಂಬರಿಯಾಗುತ್ತದೆ.

ಹೆಸರುಕಾಳು, ಮಡಿಕೆಕಾಳುಗಳನ್ನು ಎಂಟು ಗಂಟೆ ನೆನೆಯಿಟ್ಟು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಒಂದು ರಾತ್ರಿಯಲ್ಲಿಯೇ ಮೊಳಕೆಯೊಡೆಯುತ್ತವೆ. ಆದರೆ ಮೊಳಕೆ ಬರಲು ಬೇಕಾದ ಕಾವು, ತೇವಗಳೇ ರೋಗಾಣುಗಳು ಬೆಳೆಯುವುದಕ್ಕೂ ಅನುಕೂಲ. ಆದ್ದರಿಂದ ಬೆಳಗಿನ ಅಡುಗೆಯ ಜೊತೆಯಲ್ಲಿಯೇ ಕಾಳನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ಆರಿಸಿ, ಶೀತಕಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನಕ್ಕೆ ಬಳಸುವುದು ಕ್ಷೇಮ. ಗರ್ಭಿಣಿಯರು, ಎಳೆಯ ಮಕ್ಕಳು, ವಯೋವೃದ್ಧರು ಹಸಿ ಮೊಳಕೆಯನ್ನು ತಿನ್ನಲೇಬಾರದು.

ಮಲೆನಾಡಿನ ತಂಬುಳಿ ಪಚಡಿಯಲ್ಲದಿದ್ದರೂ ಅದರ ನಂಟಿನದೇ. ಒಂದು ಹಿಡಿ ಒಂದೆಲಗ, ಸ್ವಲ್ಪ ತೆಂಗಿನ ತುರಿ, ಚಿಟಿಕೆ ಜೀರಿಗೆ, ನಾಲ್ಕು ಮೆಣಸಿನಕಾಳುಗಳನ್ನು ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸುವ ಮಾತೇ ಇಲ್ಲ.

ಹೊಟ್ಟೆ ತುಂಬುವುದೇ?

'ಹಸಿ ತರಕಾರಿ ತಿಂದರೆ ಹೊಟ್ಟೆ ತುಂಬುವುದೇ?' ಎಂದು ಮನೆಯ ಹಿರಿಯರು ಕೇಳುವುದು ಸಹಜ. ಬರಿಯ ಸೌತೆಕಾಯಿಯಿಂದ ತುಂಬದು ನಿಜ. ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ ಇದೆ. ಆದರೆ 100 ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಶೇಂಗಾ, ಗುರೆಳ್ಳು, ಮೊಸರು ಕೂಡ ಕಸುವಿನ ಪದಾರ್ಥಗಳೇ. ಜೋಳದ ರೊಟ್ಟಿಯೊಡನೆ ಇವು ಕೂಡಿದರೆ ದುಡಿಯುವ ಮೈಗೆ ಸಾಲುವ ಊಟವಾಗುತ್ತದೆ.

ಇನ್ನೊಂದು ಲಾಭವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಬೆಂಕಿಗೆ ತಾಗಿದರೆ ನಷ್ಟವಾಗುವ ಈ ಜೀವಸತ್ವವು ಹಸಿ ನಿಂಬೆರಸದಲ್ಲಿಯೂ ಮಾವಿನಕಾಯಿಯಲ್ಲಿಯೂ ಉಳಿದುಬರುತ್ತದೆ. ಇದು ಔಷಧಕ್ಕೆ ಬದಲಿಯಲ್ಲ. ಆದರೂ ಕೋಸಂಬರಿಗೆ ಹಿಂಡುವ ಅರ್ಧ ನಿಂಬೆಹಣ್ಣು ಬರಿಯ ರುಚಿಗಾಗಿ ಅಲ್ಲವೆಂಬುದನ್ನು ತಿಳಿದಿರಬೇಕು.

ಶುಚಿಯೇ ಮೊದಲು

ಬೇಯಿಸುವ ಅಡುಗೆಯಲ್ಲಿ ರೋಗಾಣುಗಳನ್ನು ಕೊಲ್ಲುವ ಕೆಲಸವನ್ನು ಬೆಂಕಿ ಮಾಡುತ್ತದೆ. ಹಸಿ ಅಡುಗೆಯಲ್ಲಿ ಆ ಹೊಣೆ ನಮ್ಮ ಕೈಗಳ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ನೀರಿನ ಅಭಾವವೂ ಕಲುಷಿತ ನೀರಿನ ಕಾಟವೂ ಒಟ್ಟಿಗೇ ಬರುವುದರಿಂದ ಈ ಎಚ್ಚರ ಅತ್ಯಗತ್ಯ. ಸೊಪ್ಪನ್ನು ಬಿಡಿಸಿ ಎಲೆಎಲೆಯಾಗಿ ಮೂರು ನೀರಿನಲ್ಲಿ ತೊಳೆಯಬೇಕು. ಕೊನೆಯ ನೀರು ಕುದಿಸಿ ಆರಿಸಿದ್ದಾಗಿರಲಿ. ತರಕಾರಿಯನ್ನು ಇಡಿಯಾಗಿ ತೊಳೆದ ಮೇಲೆಯೇ ಸಿಪ್ಪೆ ತೆಗೆಯಬೇಕು, ಹೆಚ್ಚಬೇಕು. ಕೈ, ಈಳಿಗೆ, ಚಾಕು, ಪಾತ್ರೆ ಎಲ್ಲವೂ ಶುಭ್ರವಾಗಿರಬೇಕು.

ಹೊರಗಿನ ಶಾಖ 32 ಡಿಗ್ರಿ ಮೀರಿರುವಾಗ ಹೆಚ್ಚಿದ ತರಕಾರಿಯನ್ನೂ ಮೊಸರು ಕಲಸಿದ ಪಚಡಿಯನ್ನೂ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಬೇಕಾದಷ್ಟೇ ಮಾಡಿ, ಮಾಡಿದ್ದನ್ನು ಆಗಲೇ ಮುಗಿಸುವುದು ಲೇಸು. ಬೆಳಿಗ್ಗೆ ಮಾಡಿದ ಅನ್ನವನ್ನು ಹಾಗೆಯೇ ಇಟ್ಟು ರಾತ್ರಿ ಉಣ್ಣುವುದೂ ಬೇಸಿಗೆಗೆ ಸಲ್ಲದು. ಅದಕ್ಕಿಂತ ಖಡಕ್ ರೊಟ್ಟಿಯೋ ಹಚ್ಚಿದ ಅವಲಕ್ಕಿಯೋ ಒಳ್ಳೆಯದು. ಮೂತ್ರಪಿಂಡದ ತೊಂದರೆ ಇರುವವರು ಸೊಪ್ಪು, ಹಣ್ಣು, ಕಾಳುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಅಡುಗೆಕೋಣೆಗೊಂದು ವೇಳಾಪಟ್ಟಿ

ಬೆಳಿಗ್ಗೆ ಎಂಟರೊಳಗೆ ಒಲೆಯ ಕೆಲಸವೆಲ್ಲ ಮುಗಿಯಲಿ. ಹಾಲು ಕಾಯಿಸುವುದು, ತಿಂಡಿ, ಕಾಳಿನ ಹಬೆ, ಒಗ್ಗರಣೆ, ಕುಡಿಯುವ ನೀರು ಕುದಿಸುವುದು ಎಲ್ಲವೂ ಆಗಲೇ ಆಗಲಿ. ಹನ್ನೊಂದಕ್ಕೆ ಬೇಳೆ ನೆನೆಯಿಟ್ಟರೆ ಮಧ್ಯಾಹ್ನದ ಊಟಕ್ಕೆ ಹದವಾಗಿರುತ್ತದೆ. ನೀರನ್ನು ಮಣ್ಣಿನ ಹರವಿಯಲ್ಲಿ ತುಂಬಿ ಗಾಳಿ ಆಡುವಲ್ಲಿ ಇಡಬೇಕು. ಮಡಕೆಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಕೊಂಡೊಯ್ಯುತ್ತದೆ. ಕರಾವಳಿಯ ತೇವದ ಗಾಳಿಗಿಂತ ಬಯಲುಸೀಮೆಯ ಒಣಗಾಳಿಯಲ್ಲಿ ಈ ಉಪಾಯ ಹೆಚ್ಚು ಫಲ ಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ರೊಟ್ಟಿ ಬಡಿಯಲು ಪಳಗಿದ ಕೈ ಬೇಕು, ಸಾರಿನ ಹದಕ್ಕೆ ಅನುಭವ ಬೇಕು. ಸೌತೆಕಾಯಿ ಹೆಚ್ಚಲು, ಸೊಪ್ಪು ಬಿಡಿಸಲು, ನಿಂಬೆ ಹಿಂಡಲು ಅವೆರಡೂ ಬೇಕಿಲ್ಲ. ಕಚೇರಿಯಿಂದ ಬೇಗ ಮರಳಿದ ಯಜಮಾನರೂ ರಜೆಯಲ್ಲಿರುವ ಮಕ್ಕಳೂ ಪಡಸಾಲೆಯಲ್ಲಿ ಕುಳಿತೇ ಈ ಕೆಲಸವನ್ನು ಹಂಚಿಕೊಳ್ಳಬಹುದು. ಹಾಗೆಯೇ, ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ತಾಯಂದಿರ ಪಾಲಿಗೆ ಪಚಡಿ ಉಳಿಯುವುದೇ ಅಪರೂಪ. ಆದ್ದರಿಂದ ಕಲಸಿದ ಕೂಡಲೇ ಅವರ ಪಾಲನ್ನು ತೆಗೆದಿಡುವುದು, ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಆಗಬೇಕು.

ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ ಇದೇ ಉರಿಬಿಸಿಲಿನಲ್ಲಿ ಬರುತ್ತದೆ. ಯಾವ ಕಾಯಕವೂ ಕೀಳಲ್ಲವೆಂದು ನಾವೆಲ್ಲ ಆಡುತ್ತೇವೆ. ಒಲೆಯ ಮುಂದಿನ ಕಾಯಕಕ್ಕೂ ವಿಶ್ರಾಂತಿ ಬೇಕೆಂಬುದು ಆ ಮಾತಿನೊಳಗೇ ಅಡಗಿದೆ. ಮೊದಲಿಗೆ ವಾರದಲ್ಲಿ ಎರಡು ದಿನ, ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚದಿರುವ ನೇಮವನ್ನು ಮನೆಯವರೆಲ್ಲ ಕೂಡಿ ಮಾಡಿಕೊಂಡು ನೋಡಬಹುದು. ಉಂಡವರಿಗೂ ಉಣಬಡಿಸಿದವರಿಗೂ ಬೇಸಿಗೆ ಹಗುರವಾಗಲೆಂದು ನಾವು ಹಾರೈಸುತ್ತೇವೆ.