ಒಂದಕ್ಷರ ಹೆಚ್ಚಾದರೆ ಏನಾದೀತು?

ಮುಂಗಾರು ಹತ್ತಿರವಾಗುತ್ತಿದ್ದಂತೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ರೈತರು ಶೇಂಗಾ ಬಿತ್ತನೆ ಬೀಜ ಕೊಳ್ಳುತ್ತಾರೆ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಮತ್ತು ಮೊಹರು ಇರಬೇಕು. ಏಕೆಂದರೆ ಬೀಜದ ಗುಣ ಹೊರಗಿನಿಂದ ಕಾಣುವುದಿಲ್ಲ. ತಿಳಿಯುವ ಹೊತ್ತಿಗೆ ಹಂಗಾಮು ಕಳೆದಿರುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ನೀವೂ ಹೀಗೆಯೇ ಒಳಗುಣ ಕಾಣದ ವಸ್ತುವೊಂದನ್ನು ದಿನವೂ ತರಿಸಿಕೊಳ್ಳುತ್ತೀರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ನೀಲಿ ಚೀಟಿಯೂ ಇರುವುದಿಲ್ಲ.

ಆ ವಸ್ತುವಿನ ಹೆಸರು ಪ್ಯಾಕೇಜ್. ಇಂದು ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಬರೆಯುವುದು ಅಪರೂಪ. ದಿನಾಂಕ ಲೆಕ್ಕ ಹಾಕುವುದು, ಪರದೆಯ ಮೇಲೆ ಬಣ್ಣದ ಅಕ್ಷರ ಮೂಡಿಸುವುದು ಮುಂತಾದ ಕೆಲಸಗಳಿಗೆ ಬೇರೆಯವರು ಬರೆದು ಮುಕ್ತವಾಗಿ ಹಂಚಿದ ಸಿದ್ಧ ಭಾಗಗಳನ್ನು ಬಳಸುತ್ತೇವೆ. ಇವು ಸಾರ್ವಜನಿಕ ಕಣಜಗಳಲ್ಲಿ ದೊರೆಯುತ್ತವೆ. ಪೈಥಾನ್ ಭಾಷೆಗೆ ಪೈಪಿಐ, ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ ಅಂಥ ಕಣಜಗಳು. ಯಾರು ಬೇಕಾದರೂ ಖಾತೆ ತೆರೆದು ತಮ್ಮ ಪ್ಯಾಕೇಜನ್ನು ಅಲ್ಲಿ ಇಡಬಹುದು. ಇಡುವ ಮೊದಲು ಪ್ರತಿಯೊಂದನ್ನೂ ಯಾರೋ ಕುಳಿತು ಓದಿ ಒಪ್ಪಿಗೆ ಕೊಡುವ ಪದ್ಧತಿ ಇಲ್ಲ. ಈ ಮುಕ್ತತೆಯಿಂದಲೇ ಹಳ್ಳಿಯ ವಿದ್ಯಾರ್ಥಿಗೂ ದೊಡ್ಡ ಕಂಪನಿಗೂ ಒಂದೇ ಸಾಮಗ್ರಿ ಸಿಗುತ್ತಿದೆ. ಕಳ್ಳರು ನುಗ್ಗುವುದೂ ಇದೇ ಬಾಗಿಲಿನಿಂದ.

ಮೊದಲ ಉಪಾಯ, ಹೆಸರಿನ ಮೋಸ. ಬಣ್ಣ ಎಂಬುದರ ಇಂಗ್ಲಿಷ್ ಪದವನ್ನು ನಮ್ಮ ಶಾಲೆಗಳಲ್ಲಿ 'ಯು' ಅಕ್ಷರ ಸೇರಿಸಿ ಬರೆಯಲು ಕಲಿಸುತ್ತಾರೆ. ಅಮೆರಿಕದವರು ಅದನ್ನು ಬಿಡುತ್ತಾರೆ. ಪೈಪಿಐಯಲ್ಲಿರುವ 'ಕಲರಾಮ' ಎಂಬ ಜನಪ್ರಿಯ ಪ್ಯಾಕೇಜಿನ ಹೆಸರು ಅಮೆರಿಕದ ಕಾಗುಣಿತದಲ್ಲಿದೆ. ಅದೇ ಹೆಸರಿಗೆ 'ಯು' ಸೇರಿಸಿದ ಇನ್ನೊಂದು ಪ್ಯಾಕೇಜನ್ನು ಯಾರೋ ಅಲ್ಲಿ ಇಟ್ಟಿದ್ದರು. ವಿಂಡೋಸ್ ಯಂತ್ರದಲ್ಲಿ ಬಳಕೆದಾರರು ಬಿಟ್‌ಕಾಯಿನ್ ವಿಳಾಸವನ್ನು ನಕಲು ಮಾಡಿಕೊಂಡಾಗ, ಅದು ಸದ್ದಿಲ್ಲದೆ ಅದರ ಜಾಗದಲ್ಲಿ ಕಳ್ಳರ ವಿಳಾಸವನ್ನು ಇಡುತ್ತಿತ್ತು. 2018ರ ಅಕ್ಟೋಬರಿನಲ್ಲಿ ಇದು ಬಯಲಾಯಿತು. ಶಾಲೆಯಲ್ಲಿ ಕಲಿತ ಸರಿಯಾದ ಕಾಗುಣಿತವೇ ಇಲ್ಲಿ ಬಲೆಯಾಗಿತ್ತು ಎಂಬುದನ್ನು ಗಮನಿಸಿ.

ತಪ್ಪು ಪ್ಯಾಕೇಜನ್ನು ಆಮೇಲೆ ಅಳಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಅನೇಕ ಪ್ಯಾಕೇಜುಗಳು ಯಂತ್ರಕ್ಕೆ ಇಳಿಯುವಾಗಲೇ ತಮ್ಮ ಕೆಲವು ಆದೇಶಗಳನ್ನು ನಡೆಸಬಲ್ಲವು. ನೀವು ಯಾವ ಕಡತಗಳನ್ನು ತೆರೆಯಬಲ್ಲಿರೋ ಅವನ್ನೆಲ್ಲ ಆ ಆದೇಶಗಳೂ ತೆರೆಯಬಲ್ಲವು. ನೀವು ಪ್ರೋಗ್ರಾಂ ಬರೆಯಲು ತೊಡಗುವ ಮೊದಲೇ ಗುಪ್ತಪದ ಹೊರಗೆ ಹೋಗಿರಬಹುದು. ಇದಲ್ಲದೆ ಒಂದು ಪ್ಯಾಕೇಜ್ ತನಗೆ ಬೇಕಾದ ಹತ್ತಾರು ಪ್ಯಾಕೇಜುಗಳನ್ನು ತಾನೇ ಎಳೆದು ತರುತ್ತದೆ. ಅವುಗಳ ಹೆಸರನ್ನು ನೀವು ಕೇಳಿಯೂ ಇರುವುದಿಲ್ಲ.

ಎರಡನೆಯ ಉಪಾಯ, ಒಡೆತನ ಪಡೆಯುವುದು. ಎನ್‌ಪಿಎಂನಲ್ಲಿ 'ಈವೆಂಟ್-ಸ್ಟ್ರೀಮ್' ಎಂಬ ಹಳೆಯ ಪ್ಯಾಕೇಜನ್ನು ನೋಡಿಕೊಳ್ಳಲು ಮೂಲ ಲೇಖಕರಿಗೆ ಬಿಡುವಿರಲಿಲ್ಲ. ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತರಿಗೆ ಅದನ್ನು ಒಪ್ಪಿಸಿದರು. 2018ರಲ್ಲಿ ಆ ಅಪರಿಚಿತರು ಅದಕ್ಕೆ ಮತ್ತೊಂದು ಪ್ಯಾಕೇಜನ್ನು ಜೋಡಿಸಿದರು. ಅದರೊಳಗೆ 'ಕೋಪೇ' ಎಂಬ ಬಿಟ್‌ಕಾಯಿನ್ ಪರ್ಸಿನಿಂದ ಕದಿಯುವ ಆದೇಶಗಳಿದ್ದವು.

ಮೂರನೆಯದು, ಬೀಗದ ಕೈ ಕದಿಯುವುದು. 2025ರ ಸೆಪ್ಟೆಂಬರ್ 8ರಂದು, ಎನ್‌ಪಿಎಂ ಕಳಿಸಿದಂತೆಯೇ ಕಾಣುವ ಸುಳ್ಳು ಮಿಂಚಂಚೆಯನ್ನು ನಂಬಿ ಒಬ್ಬ ಲೇಖಕರು ತಮ್ಮ ಖಾತೆಯ ವಿವರ ಕೊಟ್ಟುಬಿಟ್ಟರು. 'ಚಾಕ್', 'ಡಿಬಗ್' ಸೇರಿದಂತೆ 18 ಪ್ಯಾಕೇಜುಗಳಿಗೆ ಕೇಡಿನ ಆದೇಶ ಸೇರಿತು. ಇವೆಲ್ಲವನ್ನೂ ಒಟ್ಟಾಗಿ ವಾರಕ್ಕೆ 200 ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗುತ್ತಿತ್ತು. ಕೆಲವೇ ಗಂಟೆಗಳಲ್ಲಿ ಅವನ್ನು ತೆಗೆದುಹಾಕಿದ್ದರಿಂದ ಹಾನಿ ಕಡಿಮೆಯಾಯಿತು.

ಬಂದದ್ದು ಯಾರಿಂದ ಬಂತು ಎಂಬ ಪ್ರಶ್ನೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ನೆನೆಯಿರಿ. ಆದೇಶ ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದೆಂದು ಮೊದಲಲ್ಲೇ ಹೇಳಿದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬರೆದಿದ್ದಾನೆ. ಕಳಿಸಿದವರು ಯಾರು, ಬರೆದವರು ಯಾರು ಎಂಬುದು ಬಂಡೆಯ ಮೇಲೆಯೇ ಇದೆ. ಪ್ಯಾಕೇಜುಗಳಲ್ಲಿ ಈ ಕೆಲಸವನ್ನು ಡಿಜಿಟಲ್ ಸಹಿ ಮಾಡುತ್ತದೆ. 'ಹ್ಯಾಶ್' ಎಂಬ ಗುರುತುಸಂಖ್ಯೆ ಇನ್ನೊಂದು ಕಾವಲು. ಒಳಗಿನ ಒಂದೇ ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಆದರೆ ಸಹಿ ಹೇಳುವುದು ಕಳಿಸಿದವರು ಯಾರೆಂದು. ಅವರು ಒಳ್ಳೆಯವರೆಂದು ಅಲ್ಲ. ಈವೆಂಟ್-ಸ್ಟ್ರೀಮ್‌ನ ಹೊಸ ಒಡೆಯರ ಸಹಿಯೂ ಸರಿಯಾಗಿಯೇ ಇರುತ್ತಿತ್ತು. ಆದ್ದರಿಂದ ಒಂದೇ ಕಾವಲನ್ನು ನೆಚ್ಚಬಾರದು.

ನೀವು ಮಾಡಬಹುದಾದದ್ದು ಇಷ್ಟು. ಪ್ಯಾಕೇಜಿನ ಹೆಸರನ್ನು ನೆನಪಿನಿಂದ ಬರೆಯದೆ, ಅದರ ಅಧಿಕೃತ ಕೈಪಿಡಿಯಿಂದ ನಕಲು ಮಾಡಿಕೊಳ್ಳಿ. ಅದು ಎಂದು ಸೇರಿತು, ಒಡೆಯರು ಯಾರು, ಇತ್ತೀಚೆಗೆ ಬದಲಾದರೆ ಎಂದು ಕಣಜದ ಪುಟದಲ್ಲಿ ನೋಡಿ. ಪರೀಕ್ಷಿಸಿದ ಆವೃತ್ತಿಯನ್ನೂ ಅದರ ಹ್ಯಾಶನ್ನೂ ಯೋಜನೆಯ ಕಡತದಲ್ಲಿ ಬರೆದಿಡಿ. ಆಗ ಯಂತ್ರ ತಾನಾಗಿ ಹೊಸದನ್ನು ತರುವುದಿಲ್ಲ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳದೆ ಕೆಲವು ದಿನ ಕಾಯಿರಿ. ಕಾಲೇಜಿನ ಪ್ರಯೋಗಾಲಯದಲ್ಲಿ ಹಲವರು ಒಂದೇ ಯಂತ್ರ ಬಳಸುವುದರಿಂದ, ಒಬ್ಬರ ಅವಸರ ಎಲ್ಲರ ಗುಪ್ತಪದಕ್ಕೂ ಕುತ್ತಾದೀತು.

ಪರದೆಯ ಮೇಲೆ ಮೂಡುವ ಎಚ್ಚರಿಕೆಯ ಸಾಲನ್ನೂ ಓದಿ. ಈವೆಂಟ್-ಸ್ಟ್ರೀಮ್ ಒಳಗಿನ ಕಳ್ಳತನವನ್ನು ಬಯಲಿಗೆ ತಂದವರು ಕ್ಯಾಲಿಫೋರ್ನಿಯಾದ ಒಬ್ಬ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ. ಉಳಿದವರು ಲೆಕ್ಕಿಸದೆ ಬಿಟ್ಟ ಎಚ್ಚರಿಕೆಯ ಸಾಲೊಂದು ಎಲ್ಲಿಂದ ಬರುತ್ತಿದೆ ಎಂದು ಅವರು ಹುಡುಕಿಕೊಂಡು ಹೋಗಿದ್ದರು.